ಹದಿನಾಲ್ಕನೇ ಮಗ್ಗದ ಬೋಲ್ಟು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳ ಜಾತಿಗೆ ಸೇರಿದ್ದೇ ಅಲ್ಲ ಅನ್ನುವಂತಿತ್ತು. ಮಿಕ್ಕವನ್ನೆಲ್ಲ ಚರ್ಮಕ್ಕೆ ಹತ್ತುವ ಹಾಗೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ಬೆಳೆಸಿ, ಕಲ್ಲಿಗೆ ಉಜ್ಜಿ, ತುದಿಯನ್ನು ಚೂಪು ಮಾಡಿಟ್ಟುಕೊಂಡಿದ್ದರು. ದಪ್ಪನೆಯ ಹಳದಿ ಉಗುರು, ಅದರ ಒಂದು ಅಂಚಿಗೆ ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು. ಯಾವುದಾದರೂ ಬೋಲ್ಟು ಕೈಗೆ ಬಂದರೆ ಅದನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಆ ಉಗುರನ್ನು ಅದರ ಮರೆಗಳ, ಅಂದರೆ ಮೈಸುತ್ತಿದ ತಿರುಪಿನ ಗೀರುಗಳ, ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯುವರು. ಕಿರ್ರ್ ಎಂದು ಸದ್ದಾಗುವುದು. ಆಮೇಲೆ ಎರಡರಲ್ಲಿ ಒಂದು ಮಾತು. "ಇದು ನಮ್ಮ ಮನೀದು" ಅಥವಾ "ಇದು ಮಂದೀದು", ಅಂದರೆ ಬೇರೆಯವರದು. ಮೂರನೆಯ ಮಾತು ಇರಲಿಲ್ಲ.

ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಕುರ್ಲಾದ ಭಂಗಾರದ, ಅಂದರೆ ಗುಜರಿ ಸಾಮಾನಿನ, ಗಲ್ಲಿಯಲ್ಲಿ ಎಲ್ಲರೂ ಅವರನ್ನು ಕಾನಡಿ ಮಿಸ್ತ್ರಿ, ಕನ್ನಡದ ಮೇಸ್ತ್ರಿ, ಎಂದು ಕರೆಯುತ್ತಿದ್ದರು. ಬೆಳಗಾವಿ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದು, ಪರೇಲ್‌ನ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಫಿಟ್ಟರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಗಿರಣಿಗಳ ದೊಡ್ಡ ಮುಷ್ಕರವಾದ ಮೇಲೆ ಅವರ ಗಿರಣಿಯ ಗೇಟು ಮತ್ತೆ ತೆರೆಯಲಿಲ್ಲ. ನಾನು ಅವರನ್ನು ನೋಡುವ ಹೊತ್ತಿಗೆ ಕುರ್ಲಾದಲ್ಲಿ ಒಂದು ತಗಡಿನ ಮಾಡಿನ ಕೆಳಗೆ ಕೂತು, ಎಲ್ಲೂ ಸಿಗದ ಹಳೆಯ ಇಂಗ್ಲಿಷ್ ಅಳತೆಯ ನಟ್ಟು ಬೋಲ್ಟು ಮಾರುತ್ತಿದ್ದರು.

ನನಗೆ ಅಂಥವರ ಹತ್ತಿರ ಏನು ಕೆಲಸ ಅನ್ನುವುದನ್ನು ಹೇಳಿಬಿಡಬೇಕು. ಎಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ಮೈಸೂರಿನಿಂದ ಗೋರೆಗಾಂವಿಗೆ ಬಂದ ನಾನು ಅಂಧೇರಿಯ ಒಂದು ಯಂತ್ರದ ಕಂಪನಿಯಲ್ಲಿ ಟ್ರೇಸರ್ ಆಗಿದ್ದೆ. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿದ ಯಂತ್ರದ ನಕ್ಷೆಗಳನ್ನು ಪಾರದರ್ಶಕ ಕಾಗದದ ಮೇಲೆ ಇಂಕಿನಲ್ಲಿ ತಿದ್ದಿ ಬರೆಯುವ ಕೆಲಸ. ಹತ್ತು ವರ್ಷದಲ್ಲಿ ನಾನು ಬರೆದ ಬೋಲ್ಟುಗಳನ್ನು ಸಾಲಾಗಿ ಜೋಡಿಸಿದ್ದರೆ ಅಂಧೇರಿಯಿಂದ ಚರ್ಚ್‌ಗೇಟ್ ಮುಟ್ಟುತ್ತಿತ್ತೋ ಏನೋ. ಕೈಯಲ್ಲಿ ಹಿಡಿದು ತಿರುಗಿಸಿದ್ದು ಮಾತ್ರ ಒಂದೂ ಇಲ್ಲ. ಅದು ನನಗೆ ಒಳಗೊಳಗೇ ಕೊರೆಯುತ್ತಿತ್ತು. ಜೀವನವೆಲ್ಲ ಅಡುಗೆ ಪುಸ್ತಕ ನಕಲು ಮಾಡಿ ಒಂದು ದಿನವೂ ಒಲೆ ಹಚ್ಚದವಳ ಹಾಗೆ.

ಹೀಗಿರುವಾಗ ನಮ್ಮ ಕಂಪನಿಯ ಟೂಲ್‌ರೂಮಿನವರು ಹಳೆಯ ಸಾಮಾನು ಹೊರಗೆ ಹಾಕಿದರು. ಅದರಲ್ಲಿ ಕಾಲಿನಿಂದ ತುಳಿದು ನಡೆಸುವ, ಲೋಹ ಕಡೆಯುವ ಒಂದು ಪುಟ್ಟ ಇಂಗ್ಲಿಷ್ ಲೇತ್ ಇತ್ತು. ತುಕ್ಕು ಹಿಡಿದು, ಅರ್ಧ ಬೋಲ್ಟುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿ, ಹಲ್ಲುದುರಿದ ಅಜ್ಜಿಯ ಹಾಗೆ ಮೂಲೆಯಲ್ಲಿ ನಿಂತಿತ್ತು. ತೂಕದ ಬೆಲೆಗೆ ನನಗೇ ಕೊಡಿ ಎಂದು ಕೇಳಿದೆ. ಮ್ಯಾನೇಜರು ನಕ್ಕರು, ಕೊಟ್ಟರು. ಟೆಂಪೋದಲ್ಲಿ ಅದು ಮನೆಗೆ ಬಂದ ದಿನ ನಮ್ಮವರು ಬ್ಯಾಂಕಿನಿಂದ ಬಂದು, ಚಪ್ಪಲಿ ಬಿಡುವುದನ್ನೂ ಮರೆತು ಹಿಂದಿನ ಬಾಲ್ಕನಿಯಲ್ಲಿ ನಿಂತು ನೋಡಿದರು.

"ಏನೇ ಇದು? ಫ್ರಿಜ್ ತರೋಣ ಅಂದ್ರೆ ಜಾಗ ಇಲ್ಲ ಅಂದವಳು ನೀನೇ ತಾನೆ?"

"ಫ್ರಿಜ್ ಏನು ಮಾಡುತ್ತೆ? ತಣ್ಣಗೆ ನಿಂತಿರುತ್ತೆ. ಇದು ಓಡುತ್ತೆ."

"ಎಲ್ಲಿಗೆ?" ಅಂದರು. ಆದರೆ ಮಾರನೆಯ ಭಾನುವಾರ ಸೀಮೆಎಣ್ಣೆ ಹಚ್ಚಿ ತುಕ್ಕು ಉಜ್ಜಲು ಕೂತವರೂ ಅವರೇ.

ಬೋಲ್ಟಿನ ಹುಡುಕಾಟ ಶುರುವಾಯಿತು. ಹಾರ್ಡ್‌ವೇರ್ ಅಂಗಡಿಗಳಲ್ಲಿ ನನ್ನನ್ನು ನೋಡಿದ ತಕ್ಷಣ "ಮೇಡಂ, ಸಾಹಬ್ ಕೋ ಭೇಜ್ ದೋ" ಅನ್ನುತ್ತಿದ್ದರು. ಸಾಹೇಬರಿಗೆ ಬೋಲ್ಟಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲಪ್ಪ ಎಂದು ಹೇಳಿ ಹೇಳಿ ಸಾಕಾಯಿತು. ಕೊನೆಗೊಬ್ಬ ಅರ್ಧ ಇಂಚಿನ ಬೋಲ್ಟು ಕೊಟ್ಟ. ನೋಡಲು ಹಳೆಯದರ ಅವಳಿಯ ಹಾಗೇ ಇತ್ತು. ಮನೆಗೆ ತಂದು ಲೇತಿನ ತೂತಿಗೆ ತಿರುಗಿಸಿದೆ. ಮೂರು ಸುತ್ತು ಬೆಣ್ಣೆಯಂತೆ ಹೋಯಿತು, ನಾಲ್ಕನೆಯದಕ್ಕೆ ಬಿಗಿಯಾಯಿತು. ತುಕ್ಕಿರಬೇಕು ಅಂದುಕೊಂಡು, ಬೋಲ್ಟು ಬಿಗಿಯುವ ಪಾನಾದ ಹಿಡಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಮೈಭಾರವೆಲ್ಲ ಹಾಕಿ ತಿರುಗಿಸಿದೆ. ಒಳಗೆ ಏನೋ ಅರೆದ ಹಾಗೆ ಸದ್ದಾಯಿತು. ಬಿಚ್ಚಿದರೆ ಬೋಲ್ಟಿನ ಜೊತೆ ತೂತಿನ ಮರೆಯ ಚೂರುಗಳೂ ಬಂದವು. ಆ ದಿನ ನಾನು ಅತ್ತೆ.

ಬೋಲ್ಟು ಕೊಟ್ಟವನ ಮೇಲೆ ಜಗಳಕ್ಕೆ ಹೋದಾಗ ಅವನೇ ಕುರ್ಲಾದ ದಾರಿ ತೋರಿಸಿದ್ದು. "ವೋ ಕಾನಡಿ ಮಿಸ್ತ್ರಿ ಕೆ ಪಾಸ್ ಜಾವ್. ಪುರಾನಾ ಮಾಲ್ ಉಧರ್ ಮಿಲೇಗಾ."

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಅಂಧೇರಿಯಿಂದ ಕುರ್ಲಾ ಬಸ್ಸು ಹತ್ತಿದೆ. ತಗಡಿನ ಮಾಡಿನ ಕೆಳಗೆ ಬಿಳಿ ಟೋಪಿ ಹಾಕಿದ ಸಣಕಲು ಮನುಷ್ಯರೊಬ್ಬರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದರು. ಸುತ್ತ ನೂರಾರು ಎಣ್ಣೆ ಡಬ್ಬಿಗಳು. ಹಾಳಾದ ಬೋಲ್ಟನ್ನು ಕೈಗೆ ಕೊಟ್ಟೆ. ಉಗುರು ಎಳೆದರು. ಕಿರ್ರ್.

"ಏ ಅಪ್‌ನೇ ಘರ್ ಕಾ ನಹೀಂ" ಅಂದರು. ಆಮೇಲೆ ಅದರ ಮರೆಗಳಲ್ಲಿ ಸಿಕ್ಕಿದ್ದ ಎರಕದ ಕಬ್ಬಿಣದ ಪುಡಿಯನ್ನು ಉಗುರಿನಿಂದ ಕೆದಕಿ ನೋಡಿ, ಯಾರೋ ಸತ್ತ ಸುದ್ದಿ ಕೇಳಿದವರಂತೆ ನಾಲಿಗೆ ಲೊಚಗುಟ್ಟಿದರು.

"ಅಯ್ಯೋ, ಪೂರ್ತಿ ಹಾಳಾಗಿದೆಯಾ?" ನನಗೆ ಗೊತ್ತಿಲ್ಲದೆ ಕನ್ನಡ ಬಂದಿತ್ತು.

ಅವರು ಬಸಿ ಕೆಳಗಿಟ್ಟರು. "ಕನ್ನಡದವ್ರೇನ್ರೀ ಅಕ್ಕಾರ? ಹಂಗಾರ ಕನ್ನಡದಾಗ ಬೈತೇನಿ ತಡೀರಿ. ಪೈಪ್ ಹಾಕಿ ತಿರುವಿದ್ರಿ, ಹೌದಲ್ಲ?"

"ಹೌದು."

"ಎಷ್ಟು ಸುತ್ತು ಸಲೀಸ ಹೋತು?"

"ಮೂರು."

"ಮೂರು ಆದಮ್ಯಾಗ ಅದು ಬ್ಯಾಡಾ ಅಂತು. ನೀವು ಕೇಳಲಿಲ್ಲ. ಪೈಪ್ ಹಾಕಿ ಅದರ ಬಾಯಿ ಮುಚ್ಚಿಸಿದ್ರಿ."

ನನ್ನ ಗಂಡನನ್ನು ಕಳಿಸಿ ಎಂದು ಅವರು ಹೇಳಲಿಲ್ಲ. ಹೆಂಗಸು ಲೇತ್ ಇಟ್ಟುಕೊಂಡು ಏನು ಮಾಡುತ್ತಾಳೆ ಎಂದು ಕೇಳಲೂ ಇಲ್ಲ. ಲೇತಿಗೆ ನಾನು ಮಾಡಿದ ಅನ್ಯಾಯ ಒಂದೇ ಅವರ ಕಣ್ಣಿಗೆ ಬಿದ್ದಿತ್ತು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅವತ್ತು ಅವರು ಹೇಳಿಕೊಟ್ಟ ಪಾಠ ಇಷ್ಟು. ಹಳೆಯ ಇಂಗ್ಲಿಷ್ ಬೋಲ್ಟಿಗೂ ಆಮೇಲೆ ಬಂದ ಅಮೆರಿಕದ ಬೋಲ್ಟಿಗೂ ಸಾಮಾನ್ಯ ಅಳತೆಗಳಲ್ಲಿ ಇಂಚಿಗೆ ಮರೆಗಳ ಲೆಕ್ಕ ಒಂದೇ. ಅರ್ಧ ಇಂಚಿನಲ್ಲಿ ಮಾತ್ರ ಹಳೆಯದಕ್ಕೆ ಹನ್ನೆರಡು, ಹೊಸದಕ್ಕೆ ಹದಿಮೂರು. ಮೂರು ಸುತ್ತಿನವರೆಗೆ ಹನ್ನೆರಡೂ ಹದಿಮೂರೂ ಹೊಂದಿಕೊಂಡು ಹೋಗುತ್ತವೆ. "ಸಂಸಾರದಾಗ ಮೊದಲ ಮೂರು ತಿಂಗಳು ಇರ್ತಾವಲ್ಲ, ಹಂಗ" ಅಂದರು ಕಾಕಾ. ಒಂದು ಹಳೆಯ ಬೋಲ್ಟಿನ ಮೈಯಲ್ಲಿ ಉದ್ದಕ್ಕೆ ಅರದಿಂದ ಗೀರು ಮಾಡಿ ಕೊಟ್ಟು, ಅದನ್ನು ಎಣ್ಣೆಯಲ್ಲಿ ಅದ್ದಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡುತ್ತ ತೂತಿನ ಮರೆಗಳನ್ನು ಮತ್ತೆ ಬಿಡಿಸಬೇಕೆಂದು ತೋರಿಸಿದರು. ಎರಡು ಸಂಜೆ ಹಾಗೆ ಮಾಡಿದೆ. ತೂತು ಬದುಕಿತು.

ಇನ್ನೊಂದು ಮಾತು ಹೇಳಿದರು. "ಬೋಲ್ಟ್ ನೋಡಿ ಬೋಲ್ಟ್ ಕೊಡೂದಲ್ರಿ. ತೂತು ನೋಡಿ ಕೊಡಬೇಕು. ಲೇತ್ ಹೊತ್ಕೊಂಡ್ ಬರಾಕ ಆಗೂದಿಲ್ಲ, ಅದಕ್ಕ ಬಟ್ಟಿ ಒಗಿಯೂ ಸಬಕಾರ ತಗೊಂಡು ಗೂಟಾ ಕೆತ್ತಿ ತೂತಿನಾಗ ತಿರುವ್ರಿ. ಅದನ್ನ ತರ್ರಿ."

ಹಾಗೆ ನಮ್ಮ ಮನೆಯ ಬಟ್ಟೆ ಸೋಪೆಲ್ಲ ಗೂಟಗಳಾದವು. ಲೇತಿನ ಪ್ರತಿ ಖಾಲಿ ತೂತಿಗೂ ಒಂದೊಂದು ಸೋಪಿನ ಗೂಟ ತಿರುಗಿಸಿ, ಅಚ್ಚು ಬಿದ್ದದ್ದನ್ನು ಒಣಗಿಸಿ, ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಶನಿವಾರ ಕುರ್ಲಾಕ್ಕೆ ಹೋಗುತ್ತಿದ್ದೆ. ಒಂದು ಸಲ ಬೆಳಗ್ಗೆ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ಪಕ್ಕ ಕೂತ ಹೆಂಗಸು ಪೇಡಾ ಇರಬೇಕೆಂದು ಆಸೆಯಿಂದ ಇಣುಕಿ ನೋಡಿ ಮುಖ ತಿರುಗಿಸಿದಳು. ನನ್ನ ಕಸುಬಿನ ಚಾಳಿ ಬಿಡಬೇಕಲ್ಲ. ಇಡೀ ಲೇತಿನ ನಕ್ಷೆಯನ್ನು ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ಬರೆದು, ಇಲ್ಲದ ಬೋಲ್ಟುಗಳಿಗೆಲ್ಲ ನಂಬರು ಹಾಕಿ, ಬಲಗಡೆ ಕೆಳಗಿನ ಚೌಕದಲ್ಲಿ ಅಳತೆ, ಹೆಸರು, ಮನೆ ವಿಳಾಸ ಎಲ್ಲ ತುಂಬಿ ಅವರಿಗೆ ಕೊಟ್ಟೆ. ಕಾಕಾ ಅದನ್ನು ತಗಡಿಗೆ ಅಂಟಿಸಿ, ಒಂದೊಂದು ಬೋಲ್ಟು ಸಿಕ್ಕಾಗಲೂ ಸೀಸದ ಕಡ್ಡಿಯಿಂದ ಒಂದೊಂದು ನಂಬರು ಹೊಡೆದು ಹಾಕುತ್ತಿದ್ದರು.

ವ್ಯಾಪಾರದಲ್ಲಿ ಅವರಷ್ಟು ತಲೆಹರಟೆ ಮನುಷ್ಯನನ್ನು ನಾನು ಕಂಡಿಲ್ಲ. ಬಂದವರನ್ನೆಲ್ಲ ಯಾವ ಮಷಿನ್ನಿಗೆ ಎಂದು ಕೇಳುವರು. ಗಿರಗಾಂವಿನ ಹಳೆಯ ಮುದ್ರಣ ಯಂತ್ರಕ್ಕೆ, ಬೇಕರಿಯ ಹಿಟ್ಟು ಕಲಸುವ ಯಂತ್ರಕ್ಕೆ ಅಂದರೆ ಡಬ್ಬಿ ಡಬ್ಬಿ ಸುರಿದು ಹುಡುಕಿ ಕೊಡುವರು. ಷೋಕೇಸಿನಲ್ಲಿ ಇಡಲಿಕ್ಕೆ ಅಂದವರಿಗೆ ಮಾಲು ಇಲ್ಲ. ನಟ್ಟನ್ನು ಬೋಲ್ಟಿಗೆ ಪೂರ್ತಿ ತಿರುಗಿಸಿ ನೋಡದೆ ಯಾರಿಗೂ ಕೊಟ್ಟವರಲ್ಲ. ಒಮ್ಮೆ ಗಿರಾಕಿಯೊಬ್ಬ ಬೇಗ ಕೊಡಿ, ಟ್ರೇನ್ ತಪ್ಪುತ್ತೆ ಎಂದು ಅವಸರ ಮಾಡಿದ. "ಮುಂದಿನ ಟ್ರೇನ್ ಐತಿ, ಮುಂದಿನ ಬೋಲ್ಟ್ ಇಲ್ಲ" ಎಂದು ಕನ್ನಡದಲ್ಲೇ ಹೇಳಿ ತಮ್ಮ ಪಾಡಿಗೆ ತಿರುಗಿಸುತ್ತ ಕೂತರು.

ವರ್ಷ ತಿರುಗುವಷ್ಟರಲ್ಲಿ ನನ್ನ ನಕ್ಷೆಯ ನಂಬರುಗಳಲ್ಲಿ ಒಂದು ಬಿಟ್ಟು ಉಳಿದದ್ದೆಲ್ಲ ಹೊಡೆದಾಗಿತ್ತು. ಆ ಒಂದು ಬಲು ಪೀಡೆಯದು. ತುಳಿಯುವ ಹಲಗೆಯಿಂದ ಚಕ್ರಕ್ಕೆ ಬಲ ದಾಟಿಸುವ ಗೂಟದಂಥ ಬೋಲ್ಟು. ಸೈಕಲ್ಲಿನ ಎಡ ಪೆಡಲಿನ ಹಾಗೆ ಅದಕ್ಕೆ ಎಡಗಡೆಗೆ ತಿರುಗುವ ಮರೆ, ಮುಂಬಯಿಯವರು ಅನ್ನುವ ಉಲ್ಟಾ ಚೂಡಿ. ಹಾಗಿಲ್ಲದಿದ್ದರೆ ತುಳಿದಷ್ಟೂ ಕಳಚಿಕೊಳ್ಳುತ್ತದೆ. ಅದೊಂದಿಲ್ಲದೆ ಇಡೀ ಲೇತ್ ಗೊಂಬೆ. ಸಾಕಿನಾಕಾದಲ್ಲಿ ಲೇತ್ ನಡೆಸುವ ಟರ್ನರುಗಳ ಹತ್ತಿರ ಹೋದೆ. ಒಂದು ಬೋಲ್ಟಿಗಾಗಿ ಹಳೆಯ ಇಂಚಿನ ಅಳತೆಗೆ ಮಷಿನ್ ಹೊಂದಿಸಲು ಯಾರೂ ಒಪ್ಪಲಿಲ್ಲ. ಒಬ್ಬ ತೂತನ್ನೇ ದೊಡ್ಡದು ಮಾಡಿ ವೆಲ್ಡಿಂಗ್ ಹೊಡೆಯುತ್ತೇನೆ ಅಂದ. ಕಾಕಾ ಅದನ್ನು ಕೇಳಿ ಎರಡೂ ಕಿವಿ ಮುಚ್ಚಿಕೊಂಡರು.

ಅವರ ಅಂಗಡಿಯಲ್ಲಿ ಒಂದು ಹಸಿರು ಟ್ರಂಕಿತ್ತು. ಯಾವಾಗಲೂ ಬೀಗ. ಒಳಗೇನಿದೆ ಎಂದರೆ "ಗಿರಣೀದು" ಅನ್ನುವರು, ಮಾತು ಮುಗಿಯುವುದು. ಆ ವರ್ಷದ ಖಂಡೆನವಮಿಯ, ನಮ್ಮ ಕಡೆಯ ಆಯುಧಪೂಜೆಯ, ದಿನ ರಜೆ ಇತ್ತು, ಒಂದು ಡಬ್ಬಿ ಮೈಸೂರು ಪಾಕು ತೆಗೆದುಕೊಂಡು ಹೋದೆ. ಟ್ರಂಕು ತೆರೆದಿತ್ತು. ಒಳಗೆ ಹಲಗೆಯ ಮನೆಗಳು, ಪ್ರತಿ ಮನೆಗೂ ಒಂದರಿಂದ ಇಪ್ಪತ್ತನಾಲ್ಕರವರೆಗೆ ಬಿಳಿ ಬಣ್ಣದಲ್ಲಿ ನಂಬರು, ಪ್ರತಿ ಮನೆಯಲ್ಲೂ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಹಾಸಿಗೆಯ ಮೇಲೆ ಬೋಲ್ಟುಗಳು. ಕಾಕಾ ಒಂದೊಂದನ್ನೂ ತೆಗೆದು, ಒರೆಸಿ, ಕುಂಕುಮ ಹಚ್ಚಿ, ಮತ್ತೆ ಎಣ್ಣೆ ಸವರಿ ಮಲಗಿಸುತ್ತಿದ್ದರು.

ಅವರ ಕೈಕೆಳಗೆ ಗಿರಣಿಯಲ್ಲಿ ಇಪ್ಪತ್ತನಾಲ್ಕು ಮಗ್ಗಗಳಿದ್ದವಂತೆ, ಎಲ್ಲ ಇಂಗ್ಲೆಂಡಿನವು. ಸ್ಟೋರಿನವರು ಹಳೆಯ ಅಳತೆಯ ಬೋಲ್ಟು ತರಿಸುವುದು ನಿಲ್ಲಿಸಿದಾಗ ಇವರೇ ತಮ್ಮ ರಜೆಯ ದಿನಗಳಲ್ಲಿ, ತಮ್ಮ ಜೇಬಿನಿಂದ, ಹಡಗು ಒಡೆಯುವ ದಾರುಖಾನಾದಲ್ಲಿ ಹುಡುಕಿ ಕೂಡಿಹಾಕಿದ್ದರು. ಮುಷ್ಕರ ಶುರುವಾದಾಗ ಟ್ರಂಕು ಅವರು ವಾಸವಿದ್ದ ಖೋಲಿಯಲ್ಲೇ ಉಳಿಯಿತು.

"ಗಿರಣಿ ಸುರು ಆದ ದಿನಾ ಮೊದಲ ಇವು ಬೇಕಾಗ್ತಾವ್ರಿ" ಅಂದರು. "ಅಷ್ಟು ದಿನಾ ನಿಂತ ಮಷಿನ್ನ ಒಮ್ಮೆಲೆ ಓಡೂದಿಲ್ಲ."

ನನ್ನ ಕಣ್ಣು ಹದಿನಾಲ್ಕನೇ ಮನೆಯ ಮೇಲಿತ್ತು. ಅರ್ಧ ಇಂಚು ದಪ್ಪ, ನಡುವೆ ನುಣ್ಣನೆಯ ಮೈ, ತುದಿಯಲ್ಲಿ ಎಡಕ್ಕೆ ತಿರುಗುವ ಮರೆ. ಮಗ್ಗದಲ್ಲಿ ಲಾಳಿ ಹೊಡೆಯುವ ಕೋಲಿನ ಬುಡಕ್ಕೆ ಹಾಕುವ ಬೋಲ್ಟು. ನನ್ನ ಟಿಫಿನ್ ಡಬ್ಬಿಯಲ್ಲಿದ್ದ ಸೋಪಿನ ಗೂಟದ ಒಡಹುಟ್ಟು.

"ಕಾಕಾ, ಇದೇ! ಇದೇ ಬೇಕಾಗಿತ್ತು."

"ಅದು ಮಾರೂದಲ್ರಿ. ಹದಿನಾಕನೇ ಲೂಮಿಂದು."

"ಒಂದೇ ಒಂದು ಕಾಕಾ."

"ಒಂದ ಇರೂದ್ರಿ ಅಲ್ಲಿ. ಕೊಟ್ರ ಹದಿನಾಕು ಓಡೂದಿಲ್ಲ."

ನನಗೆ ರೇಗಿಹೋಯಿತು. ಒಂದು ವರ್ಷ ಸೋಪು ಕೆತ್ತಿ, ಬಸ್ಸಿನಲ್ಲಿ ಜೋತಾಡಿ, ಕೊನೆಗೆ ಕಣ್ಣೆದುರಿಗೇ ಇರುವಾಗ ಇಲ್ಲ ಅಂದರೆ? "ಆ ಗಿರಣಿ ಇನ್ನು ತೆರೆಯಲ್ಲ ಕಾಕಾ. ಮುಂಬಯಿಗೆಲ್ಲ ಗೊತ್ತು, ನಿಮಗೆ ಮಾತ್ರ ಗೊತ್ತಿಲ್ಲ. ಇಲ್ಲದ ಮಗ್ಗಕ್ಕೆ ಕುಂಕುಮ ಹಚ್ಚಿಕೊಂಡು ಕೂತಿದ್ದೀರಿ!" ಅಂದುಬಿಟ್ಟೆ.

ಅವರು ಬೈಯಲಿಲ್ಲ. ಕೈಯಲ್ಲಿದ್ದ ಬೋಲ್ಟನ್ನು ಹತ್ತಿಯ ಮೇಲೆ ಇಟ್ಟರು. ಟ್ರಂಕು ಮುಚ್ಚಿದರು, ಬೀಗ ಹಾಕಿದರು. ಮೈಸೂರು ಪಾಕಿನ ಡಬ್ಬಿಯನ್ನು ನನ್ನ ಕಡೆಗೆ ಮೆತ್ತಗೆ ಸರಿಸಿದರು. ಅಷ್ಟೇ.

ಮನೆಗೆ ಬಂದು ನಡೆದದ್ದು ಹೇಳಿದಾಗ ನಮ್ಮವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. "ಪೈಪ್ ಹಾಕಿ ತಿರುಗಿಸಿದೆಯಲ್ಲೇ" ಅಂದರು. ಅದಕ್ಕಿಂತ ಹೆಚ್ಚು ಏನೂ ಹೇಳಬೇಕಾಗಿರಲಿಲ್ಲ. ಹೋಗಿ ತಪ್ಪಾಯಿತು ಅನ್ನಬೇಕು ಎಂದು ಪ್ರತಿ ಶನಿವಾರವೂ ಅಂದುಕೊಳ್ಳುತ್ತಿದ್ದೆ. ನಾಚಿಕೆ ಕಾಲು ಹಿಡಿದು ಎಳೆಯುತ್ತಿತ್ತು. ಚಳಿಗಾಲ ಹೋಯಿತು, ಹೋಳಿಯೂ ಹೋಯಿತು. ಲೇತಿನ ಮೇಲೆ ಹಳೆಯ ಸೀರೆ ಹೊದಿಸಿಟ್ಟೆ.

ಒಂದು ಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಕಾಕಾ. ಇಸ್ತ್ರಿ ಮಾಡಿದ ಪಂಚೆ, ಬಿಳಿ ಟೋಪಿ, ಒಂದು ಕೈಯಲ್ಲಿ ತಗಡಿನಿಂದ ಬಿಡಿಸಿ ನಾಲ್ಕು ಮಡಿಕೆ ಮಾಡಿದ ನನ್ನ ನಕ್ಷೆ. ಅದರ ಮೂಲೆಯ ಚೌಕದಲ್ಲಿದ್ದ ವಿಳಾಸವನ್ನು ಸ್ಟೇಷನ್ನಿನಿಂದ ಯಾರು ಯಾರಿಗೋ ತೋರಿಸಿಕೊಂಡು ಬಂದಿದ್ದರು.

"ನಕ್ಷಾ ಚೊಲೋ ಬರದೀರಿ ಅಕ್ಕಾರ. ಎಲ್ಲೂ ದಾರಿ ತಪ್ಪಲಿಲ್ಲ" ಎಂದು ಒಳಗೆ ಬಂದರು.

ನೀರು ಕುಡಿದು, ನೆಲ ನೋಡುತ್ತ ಹೇಳಿದರು. ಹಿಂದಿನ ವಾರ ಗಿರಣಿಯ ಮುಂದೆ ಹಾದುಹೋಗುವಾಗ ಗೇಟು ತೆರೆದಿತ್ತಂತೆ. "ಖರೇ ಹೇಳ್ತೇನ್ರಿ, ನನಗ ಖುಷಿ ಆತು. ಓಡಿ ಖೋಲಿಗಿ ಹೋಗಿ ನನ್ನ ಬಿಲ್ಲಾ ಹುಡಿಕಿ ಅಂಗಿಗಿ ಹಚ್ಚಿಕೊಂಡು ಬಂದ್ನಿ. ಒಳಗ ಹೋದರ ದೊಡ್ಡ ಸುತ್ತಿಗಿ, ಘಣಾ ಹಿಡದು ಲೂಮ್ ಒಡ್ಯಾಕ ಹತ್ತಿದ್ರು. ಲಾರಿ ತುಂಬಾಕ. ಎರಕದ ಕಬ್ಬಣ ಒಡದರ ಸಪ್ಪಳ ಹೆಂಗ ಬರ್ತೈತಿ ಗೊತ್ತೈತೇನ್ರಿ? ಗಾಜು ಒಡದಂಗ. ಹದಿನಾಕು ನನ್ನ ಕಣ್ಣ ಮುಂದ ಹೋತು."

ಗಿರಣಿ ಕೆಲಸಗಾರನೆಂಬ ಗುರುತಿನ ಆ ಹಿತ್ತಾಳೆ ಬಿಲ್ಲೆ ಅವರ ಅಂಗಿಯ ಮೇಲೆ ಇನ್ನೂ ಇತ್ತು. "ಕಾಕಾ, ಅವತ್ತು ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು" ಅಂದೆ.

"ಖರೇನ ಅಂದ್ರಲ್ರೀ, ಅದಕ್ಯಾಕ ತಪ್ಪು" ಎಂದು ಕಿಸೆಯಿಂದ ಎಣ್ಣೆಯ ಹತ್ತಿಯ ಉಂಡೆ ತೆಗೆದರು. ಬಿಚ್ಚಿದರು. ಹದಿನಾಲ್ಕನೇ ಮಗ್ಗದ ಬೋಲ್ಟು. ತಲೆಯ ಮೇಲೆ ಖಂಡೆನವಮಿಯ ಕುಂಕುಮ ಹಾಗೇ ಇತ್ತು. "ಲೂಮ್ ಎಲ್ಲಿ ಐತಿ ತೋರಸ್ರಿ" ಅಂದವರು ತಕ್ಷಣ ನಾಲಿಗೆ ಕಚ್ಚಿ, "ಲೇತ್, ಲೇತ್" ಅಂದರು.

ಸೀರೆ ಸರಿಸಿದೆ. ಕಾಕಾ ಬಾಲ್ಕನಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ತೂತಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಎರಡೇ ಬೆರಳಿನಲ್ಲಿ ಬೋಲ್ಟನ್ನು ಎಡಕ್ಕೆ ತಿರುಗಿಸತೊಡಗಿದರು. ಮೂರು ಸುತ್ತು. ನಾನು ಬಗ್ಗಿ ನೋಡಿದೆ. ನಾಲ್ಕು, ಐದು, ಆರು. ಕೊನೆಯ ಬಿಗಿಗೆ ಮಾತ್ರ ಪಾನಾ ಮುಟ್ಟಿಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಬಗ್ಗಿ ತುಳಿಯುವ ಹಲಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಬರಿಗಾಲು ಇಟ್ಟು ಒತ್ತಿದರು. ಚಕ್ರ ಒಮ್ಮೆ ಹಿಂದೆ ಮುಂದೆ ಅನುಮಾನ ಮಾಡಿ ತಿರುಗಿತು. ತಿರುಗುತ್ತಲೇ ಹೋಯಿತು. ಬಾಲ್ಕನಿಯ ಸರಳುಗಳು ಸಣ್ಣಗೆ ಝೇಂಕರಿಸಿದವು. ನಮ್ಮವರು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವರು ನಿಂತೇ ಇದ್ದರು. ಕಾಕಾ ಎಷ್ಟೋ ಹೊತ್ತು ತುಳಿಯುತ್ತಲೇ ಇದ್ದರು.

ಉಪ್ಪಿಟ್ಟು ತಿನ್ನುವಾಗ ಕೇಳಿದರು. "ಇದರಾಗ ಚೂಡಿ ಕೊರಿಯಾಕ ಬರ್ತೈತಲ್ರೀ?"

"ಬರುತ್ತೆ. ಗೇರುಗಳೆಲ್ಲ ಇವೆ. ಆದ್ರೆ ನನಗೆ ಬರಲ್ಲ."

"ಕಲೀರಿ. ಹುಡುಕಿ ಹುಡುಕಿ ಎಷ್ಟು ದಿನಾ ಸಿಕ್ಕಾವು? ಗಿರಣಿ ಎಲ್ಲಾ ಲಾರಿ ಹತ್ತಾಕ ಹತ್ತ್ಯಾವು. ಇನ್ನ ಮಾಡೂದ."

ಅಲ್ಲಿಂದ ಎರಡು ವಾರಕ್ಕೊಂದು ಭಾನುವಾರ ಅವರು ಗೋರೆಗಾಂವಿಗೆ ಬರತೊಡಗಿದರು. ಉಳಿ ಎಷ್ಟು ಕೋನಕ್ಕೆ ಉಜ್ಜಬೇಕು, ಒಂದು ಸಲಕ್ಕೆ ಎಷ್ಟು ಕೂದಲೆಳೆ ಲೋಹ ತೆಗೆಯಬೇಕು, ಕಾಲಿನ ತಾಳ ಎಲ್ಲಿ ನಿಧಾನವಾಗಬೇಕು ಎಂದು ಕಲಿಸಿದರು. ನಾನು ಮಾಡಿದ ಮೊದಲ ಬೋಲ್ಟಿನ ಮೇಲೆ ಉಗುರು ಎಳೆದು "ಮಂದೀದು" ಎಂದು ಬುಟ್ಟಿಗೆ ಹಾಕಿದರು. ಎರಡನೆಯದೂ ಮಂದೀದು. ಐದನೆಯದಕ್ಕೆ ನಾನು ಜಗಳವಾಡಿದೆ, ನಕ್ಷೆಯ ಪ್ರಕಾರ ಸರಿಯಿದೆ ಎಂದೆ. "ನಕ್ಷಾಕ್ಕ ತೋರಸ್ರಿ ಹಂಗಾರ" ಅಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಉಲ್ಟಾ ಚೂಡಿಯ ಬೋಲ್ಟು ಮಾಡಿದೆ. ಎಷ್ಟನೆಯದೋ ಲೆಕ್ಕವಿಲ್ಲ. ಕಾಕಾ ಕಣ್ಣು ಮುಚ್ಚಿ ಉಗುರು ಎಳೆದರು. ಕಿರ್ರ್. ಇನ್ನೊಂದು ಸಲ ಎಳೆದರು. ಅವರು ಎರಡು ಸಲ ಎಳೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇದು ನಮ್ಮ ಮನೀದು" ಅಂದರು.

ಅದನ್ನು ಹತ್ತಿಯಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು. ಮುಂದಿನ ಶನಿವಾರ ಕುರ್ಲಾದಲ್ಲಿ ಟ್ರಂಕು ತೆರೆದು, ಹದಿನಾಲ್ಕನೇ ಮನೆಯಲ್ಲಿ ಅದನ್ನು ಮಲಗಿಸಿದ್ದನ್ನು ತೋರಿಸಿದರು. ನನಗೆ ಅರ್ಥವಾಗಲಿಲ್ಲ. "ಕಾಕಾ, ಮಗ್ಗವೇ ಇಲ್ಲವಲ್ಲ?"

"ಲೂಮ್ ಇಲ್ಲ. ಬೇಕನ್ನವ್ರು ಅದಾರಲ್ರೀ. ನೀವು ಬಂದ್ರಿ, ನಾಳೆ ಇನ್ನೊಬ್ಬರು ಬರ್ತಾರು. ಕೇಳಿದವ್ರಿಗಿ ಕೊಡೂನು. ಆದ್ರ ಒಂದು ಕೊಟ್ರ ಒಂದು ಮಾಡಿ ಇಡಬೇಕ್ರಿ. ಜಾಗಾ ಖಾಲಿ ಬಿಡಬಾರ್ದು."

ಅಂದಿನಿಂದ ಟ್ರಂಕಿಗೆ ಬೀಗ ಬೀಳಲಿಲ್ಲ. ಪವಾಯಿಯ ಇಂಜಿನಿಯರಿಂಗ್ ಸಂಸ್ಥೆಯ ವರ್ಕ್‌ಶಾಪಿನವರು ಲೋಹ ಎಳೆದು ಪರೀಕ್ಷಿಸುವ ಹಳೆಯ ಇಂಗ್ಲಿಷ್ ಯಂತ್ರವೊಂದಕ್ಕೆ ಬೋಲ್ಟು ಹುಡುಕಿಕೊಂಡು ಬಂದರು. ಅವರ ಕೈಯಲ್ಲೂ ಸೋಪಿನ ಗೂಟ! ಕಾಕಾನ ಶಾಸ್ತ್ರ ಅಷ್ಟು ದೂರ ಹಬ್ಬಿತ್ತು. ಏಳನೇ ಮಗ್ಗದ ಮನೆಯಿಂದ ನಾಲ್ಕು ಕೊಟ್ಟರು. ನಾಲ್ಕು ಮಾಡಿ ತುಂಬಲು ನನಗೆ ಎರಡು ತಿಂಗಳು ಹಿಡಿಯಿತು. ಇದನ್ನು ಯಾವ ಕಾರ್ಖಾನೆಯಲ್ಲಿ ಮಾಡಿಸುತ್ತೀರಿ ಎಂದು ಆ ವರ್ಕ್‌ಶಾಪಿನವರು ಕೇಳಿದಾಗ, ಕಾಕಾ ನನ್ನ ಕಡೆ ಗದ್ದ ತೋರಿಸಿ, "ಈ ಕಾರ್ಖಾನಾ" ಅಂದರು. ಸಂಬಳದ ದಿನ ಯಾವತ್ತೂ ಅಷ್ಟು ಹಿಗ್ಗಿರಲಿಲ್ಲ ನಾನು.

ತೊಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿರಬಹುದು. ಎರಡು ಭಾನುವಾರ ಕಾಕಾ ಬರಲಿಲ್ಲ. ಮೂರನೆಯ ಭಾನುವಾರ ನಮ್ಮ ಬಿಲ್ಡಿಂಗಿನ ಮುಂದೆ ಒಂದು ಆಟೋರಿಕ್ಷಾ ನಿಂತಿತು. ರಿಕ್ಷಾ ಓಡಿಸಿಕೊಂಡು ಬಂದವರು ನಡುವಯಸ್ಸಿನವರು, ಕಾಕಾನದೇ ಮೂಗು. ಹಿಂದಿನ ಸೀಟಿನಲ್ಲಿ ಹಸಿರು ಟ್ರಂಕು.

"ಮೈ ಉನ್ಕಾ ಲಡ್ಕಾ" ಅಂದರು. ಆಮೇಲೆ ತಡವರಿಸಿ ಕನ್ನಡ ಕೂಡಿಸಿಕೊಂಡರು. "ಅಪ್ಪಾ ಹೋದ್ರು. ಎಂಟ್ ದಿನ್ ಹೋ ಗಯಾ. ಹೇಳಿದ್ರು... ಟ್ರಂಕ್ ಗೋರೆಗಾಂವ್ ಅಕ್ಕಾನ ಕಡೆ ಕೊಡು. ಜಾಗಾ ಖಾಲಿ ಬಿಡಬ್ಯಾಡ ಅಂತ ಹೇಳು. ಬಸ್, ಇತನಾಚ್, ಇಷ್ಟ."

ಇಬ್ಬರೂ ಸೇರಿ ಟ್ರಂಕನ್ನು ಬಾಲ್ಕನಿಗೆ ಹೊತ್ತೆವು. ಹೊರಡುವಾಗ ಅವರು ಅಳುನಗುವಿನಲ್ಲಿ ಇನ್ನೊಂದು ಮಾತು ಹೇಳಿದರು. ಆಸ್ಪತ್ರೆಯಲ್ಲಿ ನರ್ಸು ಹೆಬ್ಬೆರಳಿನ ಉಗುರು ಕತ್ತರಿಸಲು ಬಂದಾಗ ಕಾಕಾ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, ಕೊನೆಯವರೆಗೂ ಹೊರಗೆ ತೆಗೆಯಲಿಲ್ಲವಂತೆ.

ಟ್ರಂಕು ತೆರೆದು ಒಂದರಿಂದ ಇಪ್ಪತ್ತನಾಲ್ಕರವರೆಗೆ ನೋಡಿದೆ. ಒಂದು ಮನೆಯೂ ಖಾಲಿ ಇರಲಿಲ್ಲ. ಕಾಕಾ ದಾರುಖಾನಾದಲ್ಲಿ ಹುಡುಕಿ ತಂದದ್ದು ಯಾವುದು, ನಾನು ಕೊರೆದದ್ದು ಯಾವುದು ಎಂದು ನೋಡಿ ಹೇಳಲು ನನ್ನಿಂದ ಆಗಲಿಲ್ಲ. ಅವತ್ತು ಅತ್ತದ್ದು ದುಃಖಕ್ಕೋ ಹೆಮ್ಮೆಗೋ ಈಗಲೂ ಗೊತ್ತಿಲ್ಲ.

ಮುಂದಿನ ಖಂಡೆನವಮಿಗೆ ಮೊದಲೇ ಒಬ್ಬರು ಬಂದರು. ಹಳೆಯ ಕಾಲಿನ ಪ್ರೆಸ್ಸು ಇಟ್ಟುಕೊಂಡು ಲಗ್ನಪತ್ರಿಕೆ ಅಚ್ಚು ಹಾಕುವವರು, ಕುರ್ಲಾದಲ್ಲಿ ಕಾಕಾ ಇಲ್ಲವೆಂದು ತಿಳಿದು ವಿಳಾಸ ಕೇಳಿಕೊಂಡು ಬಂದಿದ್ದರು. ರುಮಾಲಿನಲ್ಲಿ ಸುತ್ತಿದ ಸೋಪಿನ ಗೂಟ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅಷ್ಟು ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳಿನ ಉಗುರೂ ಬೆಳೆದಿತ್ತು. ಗೂಟದ ಮೇಲೆ ಮೆಲ್ಲನೆ ಎಳೆದೆ. ಚಾರ್ ಸೂತ್, ಅಂದರೆ ಅರ್ಧ ಇಂಚು. ಇಂಚಿಗೆ ಹನ್ನೆರಡು. ಉಲ್ಟಾ ಚೂಡಿ.

"ನಮ್ಮ ಮನೇದೇ" ಅಂದೆ. ಹದಿನಾಲ್ಕನೇ ಮನೆಯಲ್ಲಿದ್ದ ಬೋಲ್ಟನ್ನು ತೆಗೆದು ಕೊಟ್ಟೆ. ಅವರು ಹೋದ ಮೇಲೆ ಸ್ಟೂಲು ಎಳೆದುಕೊಂಡು ಲೇತಿನ ಮುಂದೆ ಕೂತು, ಕಾಕಾ ಬಿಗಿದ ಬೋಲ್ಟಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ತುಳಿಯಲು ಶುರುಮಾಡಿದೆ. ಸಂಜೆಯೊಳಗೆ ಆ ಮನೆ ತುಂಬಬೇಕಾಗಿತ್ತು.